‘ಇರಲಿ’ ಎಂಬ ವರ್ಗ

ಕೋಲಾರ
11 ಜೂನ್ 2024

ಶ್ರೀಮತಿ ವೆಂಕಟರತ್ನಮ್ಮ ಅವರಿಗೆ,
ಗ್ರಂಥಪಾಲಕರು, ಶ್ರೀನಿವಾಸಪುರ ವಾಚನಾಲಯ

ನಮಸ್ಕಾರ. ಈ ಕಾಗದ ಮಂಗಳವಾರದ ಪುಸ್ತಕದ ಪೆಟ್ಟಿಗೆಯಲ್ಲಿ ಬರುತ್ತಿದೆ. ಕ್ಯಾಟಲಾಗಿನ ಬದಲಾವಣೆಗಳನ್ನು ಫೋನಿನಲ್ಲಿ ಮಾತಾಡಿ ಮುಗಿಸಬಾರದು, ಬರೆದು ಸಹಿ ಮಾಡಿ ಕಳಿಸಬೇಕು ಎಂದು ನಮ್ಮ ಟ್ರಸ್ಟಿನ ಸಮಿತಿ ತೀರ್ಮಾನಿಸಿದೆ. ಫೋನಿನಲ್ಲಿ ಒಪ್ಪಿಕೊಂಡದ್ದು ಆಮೇಲೆ ಯಾರಿಗೂ ನೆನಪಿರುವುದಿಲ್ಲ ಎಂಬುದು ಅವರ ಅನುಭವ.

ವಿಷಯ ಇದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕೂ ವಾಚನಾಲಯಗಳಿಗೆ ಒಂದೇ ಕ್ಯಾಟಲಾಗ್ ಆಗಿ ಐದು ವರ್ಷವಾಯಿತು. ಒಂದು ಊರಿನ ಪುಸ್ತಕವನ್ನು ಇನ್ನೊಂದು ಊರಿನ ಓದುಗರು ಹುಡುಕಿ ತರಿಸಿಕೊಳ್ಳಲಿ ಎಂಬುದು ಅದರ ಉದ್ದೇಶ. ಆದರೆ ಪ್ರತಿ ವಸ್ತುವೂ ಯಾವ ಬಗೆಯದು ಎಂದು ಗುರುತಿಸುವ ‘ವಸ್ತು ವರ್ಗ’ವನ್ನು ಆಯಾ ಊರಿನವರೇ ಸೇರಿಸಿಕೊಳ್ಳಲು ಆರಂಭದಲ್ಲಿ ಬಿಟ್ಟಿದ್ದರು. ಈಗ ಎಣಿಸಿದರೆ ನಲವತ್ತಾರು ವರ್ಗಗಳಿವೆ. ಮಾಲೂರಿನಲ್ಲಿ ‘ಪತ್ರಿಕೆ’, ‘ಪೇಪರ್’, ‘ದಿನಪತ್ರಿಕೆ’ ಮೂರೂ ಇವೆ. ಮುಳಬಾಗಿಲಿನ ಶ್ರೀಧರ್ ‘ದಪ್ಪ ಪುಸ್ತಕ’ ಎಂದೊಂದು, ‘ಬೈಂಡಿಂಗ್ ಬಿಟ್ಟದ್ದು’ ಎಂದೊಂದು, ‘ಮಠದಿಂದ ಬಂದದ್ದು’ ಎಂದೊಂದು ಮಾಡಿಕೊಂಡಿದ್ದಾರೆ. ಇವನ್ನೆಲ್ಲ ಒಂಬತ್ತಕ್ಕೆ ಇಳಿಸುವ ಕೆಲಸವನ್ನು ನನಗೆ ವಹಿಸಿದ್ದಾರೆ.

ನಿಮ್ಮ ಊರಿನದು ನಾಲ್ಕು: ‘ಮಕ್ಕಳ ಚಿತ್ರಪುಸ್ತಕ’, ‘ತೆಲುಗು’, ‘ಓದುವ ಕನ್ನಡಕ’ ಮತ್ತು ‘ಇರಲಿ’. ಮೊದಲ ಎರಡನ್ನು ‘ಪುಸ್ತಕ’ಕ್ಕೆ ಸೇರಿಸುತ್ತೇನೆ. ಕನ್ನಡಕಗಳನ್ನು ನೀವು ಓದುಗರಿಗೆ ಎರವಲು ಕೊಡುತ್ತಿರುವುದು ನನಗೆ ಗೊತ್ತು; ಅವು ‘ಉಪಕರಣ’ವಾಗುತ್ತವೆ. ನಾಲ್ಕನೆಯದು ಅರ್ಥವಾಗಲಿಲ್ಲ. ‘ಇರಲಿ’ ಎಂಬ ವರ್ಗದಲ್ಲಿ ಹನ್ನೊಂದು ವಸ್ತುಗಳಿವೆ. ಎಲ್ಲವೂ ಸಾಮಾನ್ಯ ಪುಸ್ತಕಗಳೇ. ಒಂದು ಊರಿನ ಓದುಗರ ವಿವರ ಇನ್ನೊಂದು ಊರಿಗೆ ಕಾಣದಂತೆ ವ್ಯವಸ್ಥೆಯಿರುವುದರಿಂದ ಅವು ಯಾರ ಬಳಿ ಇವೆ ಎಂದು ನನಗೆ ತಿಳಿಯುವುದಿಲ್ಲ. ಇದು ಯಾವ ಬಗೆಯ ವಸ್ತು ಎಂದು ದಯವಿಟ್ಟು ಬರೆಯಿರಿ.

ಇತಿ,
ಅಮರನಾಥ್
ಕ್ಯಾಟಲಾಗ್ ನಿರ್ವಾಹಕ


ಶ್ರೀನಿವಾಸಪುರ
25 ಜೂನ್ 2024

ಅಮರನಾಥ್ ಅವರಿಗೆ,

ನಿಮ್ಮ ಕಾಗದ ತಲುಪಿತು. ಉತ್ತರ ಒಂದು ವಾರ ತಡವಾಯಿತು. ಮಾವಿನ ಕಾಲ, ಊರಿಗೆ ಊರೇ ಮಂಡಿಯಲ್ಲಿದೆ. ವಾಚನಾಲಯಕ್ಕೆ ಬರುವವರು ಕೈಗೆ ಸೊನೆ ಮೆತ್ತಿಸಿಕೊಂಡು ಬರುತ್ತಾರೆ, ಬಾಗಿಲ ಬಳಿ ಸೋಪು ಮತ್ತು ಬಕೆಟ್ ಇಟ್ಟು ಕೂತಿದ್ದೇನೆ.

ಚಿತ್ರಪುಸ್ತಕ, ತೆಲುಗು, ಕನ್ನಡಕ, ಮೂರಕ್ಕೂ ನನ್ನ ಒಪ್ಪಿಗೆ ಇದೆ. ಕನ್ನಡಕವನ್ನು ಉಪಕರಣ ಎಂದರೆ ಇಲ್ಲಿನ ಮುದುಕರು ನಗುತ್ತಾರೆ, ನಗಲಿ.

‘ಇರಲಿ’ಯಲ್ಲಿರುವ ಹನ್ನೊಂದೂ ಎಲ್ಲೆಲ್ಲಿವೆ ಎಂದು ನನಗೆ ಗೊತ್ತಿದೆ. ಒಂದೂ ಕಳೆದಿಲ್ಲ. ಆ ವರ್ಗವನ್ನು ಇದ್ದ ಹಾಗೆಯೇ ಬಿಡಿ ಎಂದು ಕೇಳಿಕೊಳ್ಳುತ್ತೇನೆ. ಇದಕ್ಕಿಂತ ಹೆಚ್ಚು ಬರೆಯುವುದು ನನ್ನಿಂದ ಆಗುವುದಿಲ್ಲ.

ನೀವು ನಿಮ್ಮ ಊರು ರಾಯಲ್ಪಾಡಿನ ಕಡೆ ಬಂದು ಬಹಳ ದಿನವಾಯಿತಂತೆ. ಇದು ಕಚೇರಿಯ ವಿಷಯವಲ್ಲ, ಉತ್ತರಿಸಬೇಕಾಗಿಲ್ಲ.

ವೆಂಕಟರತ್ನಮ್ಮ


ಕೋಲಾರ
9 ಜುಲೈ 2024

ಶ್ರೀಮತಿ ವೆಂಕಟರತ್ನಮ್ಮ ಅವರಿಗೆ,

ನಿಮ್ಮ ಕಾಗದವನ್ನು ಸಮಿತಿಯ ಮುಂದಿಟ್ಟೆ. ಕಾರಣ ತಿಳಿಸದ ವರ್ಗವನ್ನು ಉಳಿಸಿಕೊಳ್ಳಲಾಗದು ಎಂದರು. ನನ್ನ ಅಭಿಪ್ರಾಯವೂ ಅದೇ. ಇದು ಯಾವ ವಸ್ತು ಎಂದು ಹೇಳುವುದು ವರ್ಗದ ಕೆಲಸ. ಅದು ಎಲ್ಲಿದೆ, ಯಾರ ಬಳಿ ಇದೆ, ಯಾಕಿದೆ ಎಂಬುದನ್ನು ಅದರಲ್ಲಿ ಬೆರೆಸಿದರೆ ಹುಡುಕುವವನಿಗೆ ದಾರಿ ತಪ್ಪುತ್ತದೆ. ಮಾಲೂರಿನ ಓದುಗರೊಬ್ಬರು ಒಂದು ಪುಸ್ತಕ ಹುಡುಕಿದರೆ, ಅದು ನಿಮ್ಮಲ್ಲಿ ‘ಇರಲಿ’ ಎಂದು ದಾಖಲಾಗಿರುವ ಕಾರಣಕ್ಕೆ ಅವರಿಗೆ ಕಾಣುವುದೇ ಇಲ್ಲ. ನಾಲ್ಕೂರಿನ ಸ್ವತ್ತು ಒಂದೂರಿನ ಕಪಾಟಿನಲ್ಲಿ ಬಚ್ಚಿಟ್ಟ ಹಾಗೆ ಆಗುತ್ತದೆ. ನೀವು ಹಾಗೆ ಮಾಡುವವರಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ವಿವರ ಬರದಿದ್ದರೆ ಈ ತಿಂಗಳ ಕೊನೆಗೆ ಆ ಹನ್ನೊಂದನ್ನೂ ‘ಪುಸ್ತಕ’ಕ್ಕೆ ಸೇರಿಸುತ್ತೇನೆ. ಬದಲಾಗುವುದು ಹೆಸರಿನ ಚೀಟಿ ಮಾತ್ರ. ಪುಸ್ತಕಗಳು ಎಲ್ಲಿದ್ದವೋ ಅಲ್ಲೇ ಇರುತ್ತವೆ.

ಊರಿನ ವಿಷಯ. ನಮ್ಮ ಅಕ್ಕ ಮುನಿಗಂಗಮ್ಮ ಆರೋಗ್ಯವಾಗಿದ್ದಾಳೆ, ಭಾವನಿಗೆ ಈ ಸಲ ಮಂಡಿಯಲ್ಲಿ ಒಳ್ಳೆಯ ಕೆಲಸವಿದೆ ಎಂದು ಬಸ್ಸಿನಲ್ಲಿ ಸಿಕ್ಕವರು ಹೇಳಿದರು. ಅಷ್ಟು ಸಾಕು.

ಇತಿ,
ಅಮರನಾಥ್


ಮಾಲೂರು
6 ಆಗಸ್ಟ್ 2024

ಅಮರನಾಥ್ ಸರ್,

ಮಾಲೂರು ವಾಚನಾಲಯದಿಂದ ಧನಶ್ರೀ. ಹೊಸ ಪಟ್ಟಿ ತುಂಬಾ ಚೆನ್ನಾಗಿ ಕೆಲಸ ಮಾಡ್ತಿದೆ ಸರ್! ‘ಪೇಪರ್’ ಮತ್ತು ‘ಪತ್ರಿಕೆ’ ಬೇರೆ ಬೇರೆ ಮಾಡಿದ್ದು ನಾನೇ, ಬೈಯದೆ ಸರಿ ಮಾಡಿದ್ದಕ್ಕೆ ಧನ್ಯವಾದಗಳು.

ಇನ್ನೊಂದು ಸಂತೋಷದ ಸುದ್ದಿ. ಇಲ್ಲಿ ಮುನಿರಾಮಪ್ಪ ಎಂಬ ರೈತರಿದ್ದಾರೆ. ತೋಟದಲ್ಲಿ ನಾಟಿ ಮಾವಿನ ಸಸಿಗಳಿಗೆ ತಾವೇ ಕಸಿ ಕಟ್ಟುತ್ತಾರೆ, ಕಟ್ಟಿದ್ದೆಲ್ಲ ಒಣಗಿಹೋಗುತ್ತಿದೆ. ಮಾವಿನ ಕಸಿಯ ಬಗ್ಗೆ ಚಿತ್ರಗಳಿರುವ ಪುಸ್ತಕ ಬೇಕೆಂದು ಹೋದ ವರ್ಷದಿಂದ ಕೇಳುತ್ತಿದ್ದರು. ಎಷ್ಟು ಹುಡುಕಿದರೂ ಕಂಡಿರಲಿಲ್ಲ. ಹೋದ ಗುರುವಾರ ಮತ್ತೆ ಹುಡುಕಿದರೆ ಶ್ರೀನಿವಾಸಪುರದಲ್ಲಿ ಒಂದು ಪ್ರತಿ ತೋರಿಸಿತು! ಓದುಗರ ಕೈಯಲ್ಲಿದೆ, ಅವಧಿ ಮೀರಿದೆ ಎಂದಿತ್ತು. ಬೇಡಿಕೆ ಹಾಕಿದ ಕೂಡಲೇ ಅವರಿಗೆ ಸಂದೇಶ ಹೋಗಿದೆ. ಮುನಿರಾಮಪ್ಪನವರು ದಿನಾ ಬಂದು ‘ಬಂತಾ ತಾಯಿ’ ಎಂದು ಕೇಳುತ್ತಾರೆ.

ವಂದನೆಗಳೊಂದಿಗೆ,
ಧನಶ್ರೀ


ಶ್ರೀನಿವಾಸಪುರ
13 ಆಗಸ್ಟ್ 2024

ಅಮರನಾಥ್ ಅವರಿಗೆ,

ಬದಲಾಗುವುದು ಹೆಸರಿನ ಚೀಟಿ ಮಾತ್ರ ಎಂದು ಬರೆದಿದ್ದಿರಿ. ನಡೆದದ್ದು ಹೇಳುತ್ತೇನೆ.

ಚೀಟಿಯ ಜೊತೆಗೆ ನಿಯಮವೂ ಬದಲಾಯಿತು. ‘ಇರಲಿ’ಗೆ ಅವಧಿ ಇರಲಿಲ್ಲ, ಸಂದೇಶವೂ ಇರಲಿಲ್ಲ. ‘ಪುಸ್ತಕ’ಕ್ಕೆ ಮೂರು ವಾರದ ಅವಧಿ ಇದೆ, ಮೀರಿದರೆ ಸಂದೇಶ ಹೋಗುತ್ತದೆ. ಆಗಸ್ಟ್ ಒಂದರ ಬೆಳಿಗ್ಗೆ ಹನ್ನೊಂದು ಮನೆಗಳಿಗೆ ಸಂದೇಶ ಹೋಯಿತು. ಹನ್ನೊಂದೂ ತೀರಿಕೊಂಡವರ ಹೆಸರಿಗೆ.

ನಮ್ಮಲ್ಲಿ ಓದುಗರು ತೀರಿಕೊಂಡಾಗ ಅವರ ಬಳಿಯಿದ್ದ ಪುಸ್ತಕವನ್ನು ಮನೆಯವರು ತಂದುಕೊಡುತ್ತಾರೆ. ಹೆಚ್ಚಿನವರು ಕೊಟ್ಟು ಹೋಗುತ್ತಾರೆ. ಕೆಲವರು ಮೇಜಿನ ಮೇಲಿಡುತ್ತಾರೆ, ಕೈ ಬಿಡುವುದಿಲ್ಲ. ಅಂಥವರಿಗೆ ನಾನು ‘ಇರಲಿ’ ಎಂದು ಹೇಳಿ ಕಳಿಸಿದ್ದೇನೆ. ಆಮೇಲೆ ಕಂಪ್ಯೂಟರಿನಲ್ಲಿ ಏನಾದರೊಂದು ತುಂಬಲೇಬೇಕಲ್ಲ. ‘ಕಳೆದಿದೆ’ ಎಂದರೆ ಸುಳ್ಳು, ‘ಬಾಕಿ’ ಎಂದರೆ ಸಂದೇಶ ಹೋಗುತ್ತದೆ. ಹೇಳಿದ ಮಾತನ್ನೇ ವರ್ಗವಾಗಿ ಬರೆದೆ. ಇದು ನಿಮ್ಮ ಶಾಸ್ತ್ರಕ್ಕೆ ಸರಿಹೊಂದದು ಎಂದು ನನಗೂ ಗೊತ್ತು. ಇದು ಯಾವ ಬಗೆಯ ವಸ್ತು ಎಂದು ಕೇಳಿದಿರಿ. ಆ ಮನೆಗಳಲ್ಲಿ ಅದನ್ನು ಯಾರೂ ಓದುವುದಿಲ್ಲ, ಬಿಸಾಡುವುದೂ ಇಲ್ಲ. ಪುಸ್ತಕವೆಂದು ನನಗೆ ಹೇಳಲಾಗಲಿಲ್ಲ. ಬೇರೆ ಹೆಸರೂ ಹೊಳೆಯಲಿಲ್ಲ.

ನಾಲ್ಕು ಮನೆಯವರು ಬಂದು ಪುಸ್ತಕ ಕೊಟ್ಟು ಹೋದರು. ಒಬ್ಬರು ಫೋನ್ ಮಾಡಿ ಬೈದರು. ಬೈಸಿಕೊಂಡೆ.

ಶನಿವಾರ ಮಧ್ಯಾಹ್ನ ಮುನಿಗಂಗಮ್ಮ ಬಂದರು. ನಿಮ್ಮ ಅಕ್ಕ.

‘ರತ್ನಮ್ಮನೋರೇ, ಇದ್ರಾಗೆ ಏನು ಬರ್ದೈತೆ ಓದಿ’ ಎಂದು ಫೋನು ಮುಂದೆ ಹಿಡಿದರು. ಅವರಿಗೆ ತೆಲುಗು ಓದಲು ಬರುತ್ತದೆ, ಕನ್ನಡ ಬರುವುದಿಲ್ಲ. ಮನೆಯಲ್ಲಿ ಮಗಳು ಓದಿ ಹೇಳಿದ್ದಳಂತೆ, ನಂಬದೆ ನನ್ನ ಹತ್ತಿರ ತಂದಿದ್ದರು. ಎರಡು ಸಂದೇಶಗಳಿದ್ದವು. ಕೊನೆಯದನ್ನು ಓದಿದೆ. ‘ಪ್ರಿಯ ನರೇಶ್, ನೀವು ಪಡೆದ ಪುಸ್ತಕದ ಅವಧಿ ಮುಗಿದಿದೆ. ಇನ್ನೊಬ್ಬ ಓದುಗರು ಕಾಯುತ್ತಿದ್ದಾರೆ. ದಯವಿಟ್ಟು ಕೂಡಲೇ ಹಿಂತಿರುಗಿಸಿ. ಕ್ಯಾಟಲಾಗ್ ವಿಭಾಗ, ಕೋಲಾರ.’

‘ನರೇಶಂಗೇ ಬರ್ದವ್ರಾ?’

‘ಯಂತ್ರ ಕಳಿಸೋದು ಗಂಗಮ್ಮ. ಮನುಷ್ಯರು ಕಳಿಸಿದ್ದಲ್ಲ.’

‘ಯಂತ್ರಕ್ಕೆ ಪ್ರಿಯ ಅಂತ ಬರ್ಯಕ್ಕೆ ಬರ್ತದೆ, ಸತ್ತೋಗವ್ನೆ ಅಂತ ಗೊತ್ತಾಗಲ್ವಾ?’

ಅವರು ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಮೂರು ವರ್ಷದ ಹಿಂದೆಯೂ ಹೀಗೇ ತಂದಿಟ್ಟಿದ್ದರು. ಆಗ ಕೈ ಬಿಟ್ಟಿರಲಿಲ್ಲ. ಈಗ ಬಿಟ್ಟರು.

‘ಕೋಲಾರದಾಗೆ ಇದನ್ನ ನೋಡ್ಕೊಳ್ಳೋದು ನಮ್ಮ ಅಮರನೇ ಅಲ್ವಾ?’ ಎಂದು ಕೇಳಿದರು.

‘ಹೌದು.’

‘ಅವ್ನಿಗೆ ಗೊತ್ತಿತ್ತಾ, ನಮ್ಮ ಮನೇದು ಅಂತ?’

‘ಇಲ್ಲ. ನಾನು ಹೇಳಿರಲಿಲ್ಲ.’

‘ಸರಿ ಬಿಡಿ. ಅವತ್ತೂ ಗೊತ್ತಿಲ್ದೇನೇ ಮಾಡ್ದ.’

ಅವತ್ತು ಏನಾಯಿತೆಂದು ಅವರು ಮೂರು ವರ್ಷದ ಹಿಂದೆಯೇ ನನಗೆ ಹೇಳಿದ್ದರು. ಅಕ್ಕನ ಮನೆಯಲ್ಲೇ ಇದ್ದು ಮಾವಿನ ನರ್ಸರಿ ಮಾಡಿಕೊಂಡಿದ್ದ ನಿಮ್ಮ ತಮ್ಮ ನರೇಶ್ ಬೈಕ್ ಅಪಘಾತದಲ್ಲಿ ಹೋದ ಮೇಲೆ, ಹನ್ನೊಂದನೇ ದಿನದ ಕಾರ್ಯ ಮುಗಿದ ಮರುದಿನ, ಅವರು ಡೇರಿಗೆ ಹಾಲು ಹಾಕಲು ಹೋಗಿದ್ದಾಗ ನೀವು ಟೆಂಪೊ ತರಿಸಿದಿರಿ. ನರೇಶನ ಮಂಚ, ಬಟ್ಟೆ, ಪೆಟ್ಟಿಗೆ, ನರ್ಸರಿಯ ಸಾಮಾನು ಎಲ್ಲ ಹೋಯಿತು. ಕಣ್ಣೆದುರು ಇದ್ದರೆ ಅಕ್ಕ ಕೊರಗುತ್ತಾಳೆ ಎಂಬುದು ನಿಮ್ಮ ಉದ್ದೇಶ. ಅವರು ಬಂದಾಗ ಕೋಣೆ ಗುಡಿಸಿಯೂ ಆಗಿತ್ತಂತೆ. ಈ ಪುಸ್ತಕ ಮಾತ್ರ ಉಳಿಯಿತು. ನರೇಶ್ ಅಡುಗೆಮನೆಯಲ್ಲಿ ಕೂತು ಓದುತ್ತಾ ರಾಗಿ ಡಬ್ಬದ ಮೇಲೆ ಇಟ್ಟಿದ್ದರಂತೆ. ಒದ್ದೆಯಾದೀತು ಎಂದು ಅಕ್ಕ ಡಬ್ಬದೊಳಗೆ ಹಾಕಿ ಮರೆತಿದ್ದರು.

ಇದನ್ನು ಜೂನ್‌ನಲ್ಲೇ ಬರೆಯಬಹುದಿತ್ತು ಎಂದು ನೀವು ಕೇಳಬಹುದು. ಅದು ಅವರು ನನಗೆ ಹೇಳಿದ ಮಾತು. ನಿಮಗೆ ತಲುಪಿಸುವ ಹಕ್ಕು ನನಗಿಲ್ಲ ಎಂದುಕೊಂಡೆ. ಈಗ ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ‘ಬರ್ಕಳಿ, ಇನ್ನೇನು ಹೋಗೋದೈತೆ’ ಎಂದರು.

ಪುಸ್ತಕ ವಾಪಸು ಬಂದಿದೆ ಎಂದು ದಾಖಲಿಸಿದ ತಕ್ಷಣ ಯಂತ್ರ ಅದನ್ನು ಮಾಲೂರಿಗೆ ಕಳಿಸು ಎಂದಿತು. ನಿಯಮದಂತೆ ಪೆಟ್ಟಿಗೆಗೆ ಹಾಕಿದ್ದೇನೆ. ಮಾಲೂರಿನ ಪುಸ್ತಕಗಳು ಕೋಲಾರದ ಮೇಲೆಯೇ ಹೋಗಬೇಕು. ಈ ಕಾಗದದ ಕೆಳಗೇ ಇದೆ.

ವೆಂಕಟರತ್ನಮ್ಮ


ಕೋಲಾರ
20 ಆಗಸ್ಟ್ 2024

ಶ್ರೀಮತಿ ವೆಂಕಟರತ್ನಮ್ಮ ಅವರಿಗೆ,

ನಿಮ್ಮ ಕಾಗದ ಓದಿದೆ. ಪುಸ್ತಕವೂ ಸಿಕ್ಕಿತು.

ಮಾಡಿದ ಕೆಲಸ ಮೊದಲು ಹೇಳುತ್ತೇನೆ. ‘ಇರಲಿ’ ವರ್ಗವನ್ನು ಅವಧಿ ಇಲ್ಲದೆ, ಸಂದೇಶ ಇಲ್ಲದೆ ಮೊದಲಿನಂತೆ ಮಾಡಿದ್ದೇನೆ. ಹನ್ನೊಂದನ್ನೂ ಅದಕ್ಕೆ ಮರಳಿಸಿದ್ದೇನೆ. ನಾಲ್ಕು ಮನೆಯವರು ತಂದುಕೊಟ್ಟ ಪುಸ್ತಕಗಳನ್ನು ಅವರವರ ಮನೆಗೆ ತಲುಪಿಸಲು ಸಾಧ್ಯವಾದರೆ ದಯವಿಟ್ಟು ತಲುಪಿಸಿ, ಯಾರು ಕೇಳಿದರೂ ತಪ್ಪು ಕೋಲಾರದ್ದು ಎಂದು ಹೇಳಿ. ವರ್ಗ ಬದಲಾದರೆ ಅದರ ಬೆನ್ನಿಗಿರುವ ಎರವಲು ನಿಯಮವೂ ಬದಲಾಗುತ್ತದೆ ಎಂದು ಸೂಚನೆಯಲ್ಲಿ ಬರೆದಿತ್ತು. ನಾನು ಓದಿದ್ದೆ. ಓದಿಯೂ ಹನ್ನೊಂದೇ ತಾನೆ ಎಂದುಕೊಂಡೆ. ಕಳಿಸಿದ ಸಂದೇಶಗಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಸಮಿತಿಗೆ ಇದನ್ನೆಲ್ಲ ಬರೆದುಕೊಟ್ಟಿದ್ದೇನೆ.

ಪುಸ್ತಕವನ್ನು ಮಾಲೂರಿಗೆ ಕಳಿಸಿಲ್ಲ. ಪೆಟ್ಟಿಗೆಯಿಂದ ಒಂದು ಪುಸ್ತಕವನ್ನು ನಾನು ತಡೆದದ್ದು ಇದೇ ಮೊದಲು. ಧನಶ್ರೀಗೆ ಒಂದು ವಾರ ತಡ ಎಂದು ತಿಳಿಸಿದೆ. ಅಲ್ಲಿ ಕಾಯುತ್ತಿರುವವರು ಮುನಿರಾಮಪ್ಪ ಎಂಬ ರೈತರು. ಕಟ್ಟಿದ ಕಸಿ ಒಣಗುತ್ತಿವೆಯಂತೆ, ಕಸಿಯ ಕಾಲ ಮುಗಿಯುತ್ತಾ ಬಂದಿದೆ. ಅವರದೂ ನಿಜವಾದ ಅಗತ್ಯವೇ.

ಚಿತ್ರಗಳಿರುವ ಅಧ್ಯಾಯದಲ್ಲಿ, ಸಸಿಯನ್ನು ಸೀಳಿ ಕಡ್ಡಿ ಕೂಡಿಸುವಲ್ಲಿ, ಕಸಿ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯೊಂದು ಗುರುತಿಗೆ ಇಟ್ಟಿದ್ದು ಹಾಗೇ ಇದೆ. ಅಧ್ಯಾಯ ಮುಗಿಯಲು ಇನ್ನು ಸ್ವಲ್ಪವೇ ಉಳಿದಿದೆ. ಅಂಚಿನಲ್ಲಿ ಸೊನೆಯ ಕಲೆ. ಹೊಲಿಗೆಯ ಸಂದಿನಲ್ಲಿ ರಾಗಿ ಹಿಟ್ಟಿದೆ. ಬಂದ ಪುಸ್ತಕವನ್ನು ಬ್ರಷ್‌ನಿಂದ ಒರೆಸಿ ಮುಂದಕ್ಕೆ ಕಳಿಸುವುದು ಇಲ್ಲಿನ ಪದ್ಧತಿ. ಒರೆಸಲಿಲ್ಲ.

ಜೊತೆಗಿರುವ ಚಿಕ್ಕ ಕಾಗದ ಅಕ್ಕನಿಗೆ. ದಯವಿಟ್ಟು ಓದಿ ಹೇಳಿ.

ಇತಿ,
ಅಮರನಾಥ್


ಕೋಲಾರ
20 ಆಗಸ್ಟ್ 2024

ಅಕ್ಕಾ,

ರತ್ನಮ್ಮನವರು ಇದನ್ನು ನಿನಗೆ ಓದಿ ಹೇಳುತ್ತಾರೆ. ಪುಸ್ತಕ ನನ್ನ ಹತ್ತಿರ ಇದೆ. ಮಾಲೂರಿನಲ್ಲಿ ಒಬ್ಬರು ಇದಕ್ಕಾಗಿ ಕಾಯುತ್ತಿದ್ದಾರೆ, ಆದರೆ ನಿನ್ನನ್ನು ಕೇಳದೆ ಕಳಿಸುವುದಿಲ್ಲ. ವಾಪಸು ಬೇಕು ಎಂದರೆ ಮುಂದಿನ ಮಂಗಳವಾರದ ಪೆಟ್ಟಿಗೆಯಲ್ಲೇ ಕಳಿಸುತ್ತೇನೆ. ಅವರಿಗೆ ಬೇರೆ ಪ್ರತಿ ಹುಡುಕುತ್ತೇನೆ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದೆ. ಯಾವುದಕ್ಕೆ ಎಂದು ನೀನು ಕೇಳುತ್ತೀಯ.

ಅಮರ


ಶ್ರೀನಿವಾಸಪುರ
27 ಆಗಸ್ಟ್ 2024

ಅಮರಾ,

ರತ್ನಮ್ಮನೋರು ಬರೀತಾವ್ರೆ, ನಾನು ಹೇಳ್ತಿದ್ದೀನಿ. ತಿದ್ದಬಾರ್ದು, ನಾನು ಹೇಳ್ದಂಗೇ ಬರೀಬೇಕು ಅಂತ ಮೊದ್ಲೇ ಹೇಳಿದ್ದೀನಿ.

ಕ್ಷಮಿಸು ಅಂತ ಬರ್ದು ಹೊಡೆದಾಕ್ದೆ ಅಂತೀಯ. ಹೊಡೆದಾಕಿದ್ನ ಯಾಕೋ ಹೇಳ್ತೀಯ? ಏಮಿರಾ ನೀ ಕಥ, ಏನೋ ನಿನ್ನ ಕತೆ! ಒಂದು ಹೇಳು, ಇಲ್ಲ ಸುಮ್ನಿರು.

ಕೇಳು. ಮಂಚ ತಗೊಂಡೋದೆ, ಹೋಗ್ಲಿ. ಬಟ್ಟೆ ಕೊಟ್ಟೆ, ಕೊಡೋದು ಪದ್ಧತಿ, ನಾನೇ ಕೊಡ್ತಿದ್ದೆ. ಅವನ ಕಸಿ ಚಾಕು ಯಾಕೋ ಕೊಟ್ಟೆ? ಅದರ ಹಿಡಿ ಅವನ ಕೈಗೆ ತಕ್ಕಂಗೆ ಸವೆದಿತ್ತು. ಯಾರಿಗೆ ಕೊಟ್ಟೆ ಅಂತ ನಿಂಗೆ ನೆನಪೂ ಇಲ್ಲ. ನಾನು ಮೂರು ಊರಾಗೆ ಕೇಳ್ದೆ. ನೀನು ಕೋಣೆ ಗುಡಿಸಿಟ್ಟು, ಅಕ್ಕಾ ಕಾಫಿ ಮಾಡು ಅಂದೆ. ಮಾಡ್ಕೊಟ್ಟೆ. ಅದೇ ಕೊನೆ.

ನಿನ್ನ ಮೇಲೆ ಸಿಟ್ಟು ಅಂತ ಊರವ್ರು ಅಂತಾರೆ. ಸಿಟ್ಟಲ್ಲ ಕಣೋ. ನೀನು ಬಂದ್ರೆ ಮತ್ತೆ ಏನಾದ್ರೂ ಚೊಕ್ಕಟ ಮಾಡ್ತೀಯ ಅಂತ ಭಯ.

ಪುಸ್ತಕ ಬೇಕಾ ಅಂತ ಕೇಳಿದೀಯ. ಕಾಯ್ತಿರೋದು ಯಾರು ಅಂತ ರತ್ನಮ್ಮನೋರ್ನ ಕೇಳ್ದೆ. ಕಸಿ ಒಣಗ್ತೈತೆ ಅಂದ್ರು. ಕಡ್ಡಿ ಮೊಗ್ಗು ಉಬ್ಬೋಕೆ ಮುಂಚೇನೇ ಕುಯ್ತಿದಾನೋ ಏನೋ, ಇಲ್ಲ ಪಟ್ಟಿ ಸಡಿಲ ಕಟ್ತಾನೆ. ನರೇಶ ಇದ್ದಿದ್ರೆ ಬೈಕ್ ಹತ್ತಿ ಮಾಲೂರಿಗೇ ಹೋಗಿ ಕಟ್ಟಿ ತೋರ್ಸಿ, ಅವರ ಮನೇಲೇ ಉಂಡು ಬರ್ತಿದ್ದ. ನಿಮ್ಮ ಭಾವ ಬೈಯೋರು, ಊರೋರಿಗೆಲ್ಲ ಪುಕ್ಕಟೆ ಮಾಡ್ತೀಯ ಅಂತ. ನಗ್ತಿದ್ದ. ಪುಸ್ತಕ ಡಬ್ಬದಾಗೆ ಇಟ್ಕೊಂಡು ನಾನೇನು ಮಾಡ್ಲಿ, ನಂಗೆ ಓದೋಕೂ ಬರಲ್ಲ. ಹೋಗ್ಲಿ ಮಾಲೂರಿಗೆ. ಆ ಪಟ್ಟಿ ಮಾತ್ರ ತೆಗೀಬಾರ್ದು ಅಂತ ಹೇಳು. ಅವನು ಇಟ್ಟಿರೋ ಜಾಗ ಅದು.

ಓದಿ ಆದ್ಮೇಲೆ ಪೆಟ್ಟಿಗೇಲಿ ಹಾಕಿ ಕಳಿಸ್ಬೇಡ. ಪೆಟ್ಟಿಗೆಗೆ ಕಾಲಿಲ್ಲ, ನಿಂಗೈತೆ.

ಚಾಲು, ಸಾಕು. ಇಷ್ಟೇ.

ಮುನಿಗಂಗಮ್ಮ

(ಅವರು ಹೇಳಿದಂತೆಯೇ ಬರೆದಿದ್ದೇನೆ. ಕೆಳಗಿನ ಸಹಿ ತೆಲುಗಿನಲ್ಲಿ ಅವರದೇ. ವೆಂ.ರ.)


ಮಾಲೂರು
5 ನವೆಂಬರ್ 2024

ಅಮರನಾಥ್ ಸರ್,

ಮಾವಿನ ಕಸಿಯ ಪುಸ್ತಕ ಈ ಪೆಟ್ಟಿಗೆಯಲ್ಲಿ ವಾಪಸು ಬರುತ್ತಿದೆ. ಮುನಿರಾಮಪ್ಪನವರು ಎರಡು ಸಲ ಕೇಳಿ ಇನ್ನಷ್ಟು ದಿನ ಇಟ್ಟುಕೊಂಡರು. ಕೊನೆಗೆ ಕಟ್ಟಿದ ಕಸಿಗಳಲ್ಲಿ ಕೆಲವು ಚಿಗುರಿವೆಯಂತೆ. ಎಲ್ಲ ಅಲ್ಲ, ಕೆಲವು. ಕೆಂಪು ಎಲೆ ಬಂದಿರುವ ಒಂದು ಸಸಿಯನ್ನು ಕುಂಡದಲ್ಲಿ ತಂದು ವಾಚನಾಲಯದ ಬಾಗಿಲಲ್ಲಿ ಇಟ್ಟು ಹೋಗಿದ್ದಾರೆ.

ನೀವು ಹೇಳಿದ್ದಿರಲ್ಲ, ಆ ಪಟ್ಟಿ ಇದ್ದಲ್ಲೇ ಇದೆ. ಅಲ್ಲಿಗೆ ಬಂದಾಗಲೆಲ್ಲ ಅದನ್ನು ಬೆರಳಿನಿಂದ ಒತ್ತಿ ಹಿಡಿದೇ ಹಾಳೆ ತಿರುಗಿಸಿದೆ ಎಂದರು. ‘ಇದನ್ನ ಇಟ್ಟೋರು ಕಟ್ಟೋದು ಬಲ್ಲೋರು ತಾಯಿ. ಎಷ್ಟು ಅಗಲಕ್ಕೆ ಕುಯ್ದವ್ರೆ ನೋಡಿ, ನಾನೂ ಅಷ್ಟೇ ಅಗಲ ಕುಯ್ಕೊಂಡೆ’ ಎಂದರು. ಯಾರದು ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ.

ಇನ್ನೊಂದು ವಿಷಯ ಕೇಳಬೇಕಿತ್ತು ಸರ್. ವರ್ಗಗಳ ಪಟ್ಟಿಯಲ್ಲಿ ‘ಇರಲಿ’ ಎಂದು ಕಾಣುತ್ತಿದೆ, ವಿವರಣೆ ಇಲ್ಲ. ಶ್ರೀನಿವಾಸಪುರಕ್ಕೆ ಫೋನ್ ಮಾಡಿದಾಗ ಮೇಡಂ ಹೇಳಿದರು. ಇಲ್ಲಿಯೂ ಅಂಥ ಎರಡು ಪುಸ್ತಕಗಳಿವೆ. ಏನು ಮಾಡಬೇಕೆಂದು ತಿಳಿಯದೆ ‘ಕಳೆದಿದೆ’ ಎಂದು ಬರೆದಿದ್ದೆ. ಮಾಲೂರಿನವರೂ ಇದನ್ನು ಬಳಸಬಹುದೇ?

ಧನಶ್ರೀ


ಕೋಲಾರ
12 ನವೆಂಬರ್ 2024

ನಾಲ್ಕೂ ವಾಚನಾಲಯಗಳ ಗ್ರಂಥಪಾಲಕರಿಗೆ,

ಜಂಟಿ ಕ್ಯಾಟಲಾಗಿನಲ್ಲಿ ಇನ್ನು ಮುಂದೆ ಒಂಬತ್ತರ ಬದಲು ಹತ್ತು ವಸ್ತು ವರ್ಗಗಳಿರುತ್ತವೆ. ಹತ್ತನೆಯದಕ್ಕೆ ಸಮಿತಿ ಒಪ್ಪಿರುವ ವಿವರಣೆ ಹೀಗಿದೆ:

‘ಇರಲಿ: ಓದುಗರ ಮನೆಯಲ್ಲಿ ಉಳಿದದ್ದು. ಹುಡುಕಿದರೆ ನಾಲ್ಕೂ ಊರಿಗೆ ಕಾಣುತ್ತದೆ. ಅವಧಿ ಇಲ್ಲ. ಸಂದೇಶ ಹೋಗುವುದಿಲ್ಲ. ಬೇರೆ ಊರಿನ ಬೇಡಿಕೆ ಬಂದರೆ ಯಂತ್ರ ತಾನಾಗಿ ಕಳಿಸುವುದಿಲ್ಲ. ಆ ಊರಿನ ಗ್ರಂಥಪಾಲಕರು ಮನೆಯವರನ್ನು ಖುದ್ದಾಗಿ ಕಂಡು ಕೇಳುತ್ತಾರೆ. ಈ ವರ್ಗವನ್ನು ಬೇರೆ ಯಾವುದಕ್ಕೂ ಕೂಡಿಸತಕ್ಕದ್ದಲ್ಲ.’

‘ಕಾರಣ ನಮೂದಿಸಬೇಕು’ ಎಂಬ ಸಾಲು ಸೇರಿಸಬೇಕೆಂದು ಒಬ್ಬ ಸದಸ್ಯರು ಹೇಳಿದರು. ಬೇಡ ಎಂದೆ. ಸ್ವಲ್ಪ ವಾದವಾಗಿ, ಬಿಟ್ಟರು.

ಶ್ರೀನಿವಾಸಪುರಕ್ಕೆ ಪ್ರತ್ಯೇಕ ಸೂಚನೆ: ಮಾಲೂರಿನಿಂದ ಬಂದ ಕಸಿಯ ಪುಸ್ತಕ ಈ ವಾರದ ಪೆಟ್ಟಿಗೆಯ ಪಟ್ಟಿಯಲ್ಲಿ ಇರುತ್ತದೆ, ಪೆಟ್ಟಿಗೆಯಲ್ಲಿ ಇರುವುದಿಲ್ಲ. ಹುಡುಕಬೇಡಿ.

ಇತಿ,
ಅಮರನಾಥ್


ಶ್ರೀನಿವಾಸಪುರ
3 ಡಿಸೆಂಬರ್ 2024

ಅಮರನಾಥ್ ಅವರಿಗೆ,

ನೀವು ಬರೆದಂತೆ ಪೆಟ್ಟಿಗೆಯಲ್ಲಿ ಹುಡುಕಲಿಲ್ಲ.

ನಿನ್ನೆ ಮುನಿಗಂಗಮ್ಮ ಬಂದಿದ್ದರು. ನೀವು ರಾಯಲ್ಪಾಡಿಗೆ ಹೋಗಿದ್ದಿರೋ ಇಲ್ಲವೋ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಪುಸ್ತಕ ಅವರ ಚೀಲದಲ್ಲಿತ್ತು.

‘ನಂಗೂ ಒಂದು ಕಾರ್ಡು ಮಾಡ್ಕೊಡಿ’ ಎಂದರು. ಇಷ್ಟು ವರ್ಷದಲ್ಲಿ ಅವರು ಕಾರ್ಡು ಕೇಳಿದ್ದೇ ಇಲ್ಲ. ಮಾಡಿಕೊಟ್ಟೆ. ಅದರ ಮೇಲೆ ಈ ಪುಸ್ತಕವನ್ನೇ ಬರೆಯಲು ಹೇಳಿದರು.

‘ಇದಕ್ಕೆ ಕಾರ್ಡು ಬೇಕಾಗಿಲ್ಲ ಗಂಗಮ್ಮ. ಇದು ಮೊದಲಿನ ಹಾಗೇ ನಿಮ್ಮ ಮನೇಲಿ ಇರಲಿ. ಯಾರೂ ಕೇಳಲ್ಲ ಇನ್ನು’ ಎಂದೆ.

‘ಬ್ಯಾಡ. ನನ್ನ ಹೆಸರಿಗೇ ಬರೀರಿ, ವಾಯಿದೆ ಹಾಕಿ. ಮೆಸೇಜ್ ಬಂದ್ರೆ ನಂಗೇ ಬರ್ಲಿ. ತಂದು ತೋರ್ಸಿ ಮತ್ತೆ ಬರೆಸ್ಕೊಂಡು ಹೋಗ್ತೀನಿ.’

‘ಕನ್ನಡದ ಪುಸ್ತಕ. ಯಾರು ಓದಿ ಹೇಳ್ತಾರೆ ನಿಮಗೆ? ಮಗಳಾ?’

‘ಅವ್ಳಿಗೆಲ್ಲಿ ಪುರುಸೊತ್ತು. ಅದಕ್ಕೊಬ್ಬ ಅವ್ನೆ. ಭಾನುವಾರ ಭಾನುವಾರ ಬಂದು ಓದ್ತೀನಿ ಅಂದವ್ನೆ. ಪಟ್ಟಿ ಇರೋ ಕಡೆಯಿಂದ ಮುಂದಕ್ಕೆ.’ ಕಾರ್ಡನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ‘ನೋಡಾಣ, ಎಷ್ಟು ಭಾನುವಾರ ಬರ್ತಾನೋ.’

ಅವರು ಕೇಳಿದಂತೆ ಆ ಪುಸ್ತಕದ ವರ್ಗವನ್ನು ‘ಪುಸ್ತಕ’ ಎಂದು ಬದಲಾಯಿಸಲು ಈ ಕಾಗದದ ಮೂಲಕ ಕೋರುತ್ತೇನೆ. ಸಹಿ ಮಾಡಿದ್ದೇನೆ. ನಮ್ಮ ಊರಿನ ‘ಇರಲಿ’ಯಲ್ಲಿ ಈಗ ಹತ್ತು ಉಳಿದಿವೆ.

ವಾಯಿದೆ ಡಿಸೆಂಬರ್ ಇಪ್ಪತ್ತಮೂರು. ಹಿಂದಿನ ದಿನ ಭಾನುವಾರ.

ವೆಂಕಟರತ್ನಮ್ಮ